ಮಂಡಿಯ ಮೇಲಿನ ನೀಲಿ ಗೆರೆ

ತುಮಕೂರಿನಲ್ಲಿ ಇದುವರೆಗೆ ನಡೆದ ಮಂಡಿ ಆಪರೇಷನ್ನುಗಳ ಪೈಕಿ ಅತ್ಯಂತ ಕಷ್ಟದ್ದನ್ನು ಮಾಡಿದವನು ನಾನು. ಡಾಕ್ಟರು ಇರಲಿಲ್ಲವೇ ಅಂತ ಕೇಳಿದರೆ ಇದ್ದರು, ಸುಳ್ಳು ಯಾಕೆ ಹೇಳಲಿ. ಅವರು ಚಾಕು ಹಿಡಿದುಕೊಂಡು ನಿಂತಿದ್ದರು ಅಷ್ಟೆ. ಎಲ್ಲಿ ಕುಯ್ಯಬೇಕು, ಎಷ್ಟುದ್ದ ಕುಯ್ಯಬೇಕು, ಯಾವ ಹುರಿ ತೆಗೆಯಬೇಕು, ಯಾವುದನ್ನು ಮುಟ್ಟಬಾರದು ಅಂತ ಹೇಳಿಕೊಟ್ಟಿದ್ದು ನಾನು. ಓದಿದ್ದು ಏಳನೇ ಕ್ಲಾಸು, ಅದನ್ನೂ ಗಟ್ಟಿಯಾಗಲಿ ಅಂತ ಎರಡು ಸಲ ಓದಿದೆ. ಆಪರೇಷನ್ ಮುಗಿದ ಮೇಲೆ ಡಾಕ್ಟರು ತಮ್ಮ ಕೊರಳಿನ ಸ್ಟೆತಸ್ಕೋಪು ತೆಗೆದು ನನ್ನ ಕೊರಳಿಗೆ ಹಾಕಿದರು. "ಬ್ಯಾಡ ಸಾರ್, ಗುಬ್ಬಿ ಬಸ್ಸಿಗೆ ಹೊತ್ತಾಯ್ತು" ಅಂತ ನಾನೇ ವಾಪಸು ಕೊಟ್ಟೆ.

ನಂಬದವರು ನಂಬಬೇಡಿ. ಕೇಳುವುದಕ್ಕೇನು ಕಷ್ಟ?

ನನ್ನ ಹೆಸರು ಅಡವಿಯಪ್ಪ. ಎಂಬತ್ತಾರನೇ ಇಸವಿಯಲ್ಲಿ ತುಮಕೂರಿನ ಪ್ರೈವೇಟ್ ಬಸ್ ಸ್ಟ್ಯಾಂಡಿನಲ್ಲಿ ಗುಬ್ಬಿ, ಚೇಳೂರು ಕಡೆಯ ಬಸ್ಸಿಗೆ ಕೂಗಿ ಜನ ಹತ್ತಿಸುವ ಏಜೆಂಟನಾಗಿದ್ದೆ. ನಾನು ಇಲ್ಲಿ 'ಗುಬ್ಬೀ' ಅಂತ ಕೂಗಿದರೆ ಗುಬ್ಬಿಯಲ್ಲಿ ಕೂತವರು ಬಸ್ಸು ಬಂತೆಂದು ಗಂಟು ಎತ್ತಿಕೊಳ್ಳುತ್ತಿದ್ದರು. ಶಿರಾ ಗೇಟಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಎರಡು ಕೋಣೆ, ಒಂದು ಅಡಿಗೆಮನೆ, ಒಂದೇ ಒಲೆ. ಅದರಲ್ಲಿ ನಮ್ಮವ್ವ ಪುಟ್ಟಗಂಗಮ್ಮ, ನಾನು, ನನ್ನ ಹೆಂಡತಿ ಉಮಾಮಹೇಶ್ವರಿ, ನನ್ನ ತಮ್ಮ ಮಹಾಲಿಂಗಯ್ಯ, ಅವನ ಹೆಂಡತಿ ದಾಕ್ಷಾಯಣಿ.

ಮಹಾಲಿಂಗ ಗಾರೆ ನೆಲದ ಕೆಲಸದವನು. ಸಿಮೆಂಟಿಗೆ ಕೆಂಪು ಪುಡಿ ಕಲಸಿ ಹಾಕುವ ನೆಲ. ಹಾಕುವುದು ಯಾರು ಬೇಕಾದರೂ ಹಾಕುತ್ತಾರೆ, ಉಜ್ಜುವುದರಲ್ಲಿದೆ ಕೆಲಸ. ಗಾರೆ ಹಸಿ ಇರುವಾಗಲೇ ಒಂದು ಗೋಡೆಯ ಹತ್ತಿರ ಮಂಡಿ ಊರಬೇಕು. ಕರಣೆ ಎಳೆಯುತ್ತ ಎಳೆಯುತ್ತ ಹಿಂದಕ್ಕೆ ಸರಿಯಬೇಕು. ಬೆಳಿಗ್ಗೆ ಊರಿದ ಮಂಡಿ ಸಂಜೆ ಬಾಗಿಲ ಹತ್ತಿರವೇ ಏಳಬೇಕು. ನಡುವೆ ಕೈ ನಿಲ್ಲಿಸಿದರೆ ನಿಲ್ಲಿಸಿದ ಕಡೆ ಒಂದು ಗೆರೆ ಬೀಳುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಆ ಗೆರೆ ಹೋಗುವುದಿಲ್ಲ, ಮನೆ ಇರುವ ತನಕ ಇರುತ್ತದೆ. ನನ್ನ ತಮ್ಮನ ನೆಲದಲ್ಲಿ ಒಂದು ಗೆರೆ ತೋರಿಸಿ, ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ. ಅವನು ಹಾಕಿದ ನೆಲದಲ್ಲಿ ಮುಖ ನೋಡಿಕೊಂಡು ನಾನು ಗಡ್ಡ ಹೆರೆದುಕೊಂಡಿದ್ದೇನೆ. ಒಂದು ಸಲ ನೊಣವೊಂದು ಜಾರಿ ಸೊಂಟ ಮುರಿದುಕೊಂಡಿತು.

ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ದಾಕ್ಷಾಯಣಿ ಹೊಲಿದುಕೊಟ್ಟ ಮೆತ್ತೆ ಅವನ ಆಸ್ತಿ. ಅದನ್ನು ಹಾಸಿಯೇ ಮಂಡಿ ಊರುತ್ತಿದ್ದ. ಆದರೂ ಎರಡು ಮಂಡಿಯ ಮೇಲೂ ಎಮ್ಮೆಯ ಗೊರಸಿನಂಥ ಕಪ್ಪು ಗಟ್ಟಿ ಬೆಳೆದಿತ್ತು.

ಫೆಬ್ರವರಿಯಲ್ಲಿ ಹಿರೇಹಳ್ಳಿಯ ಒಂದು ಫ್ಯಾಕ್ಟರಿ ಆಫೀಸಿನ ಕೆಲಸಕ್ಕೆ ಹೋಗಿದ್ದ. ಸಾರವೆಯ ಹಲಗೆಯಿಂದ ಇಳಿಯುವಾಗ ಬಲಗಾಲು ಎರಡು ಇಟ್ಟಿಗೆಗಳ ನಡುವೆ ಸಿಕ್ಕಿಕೊಂಡಿತು. ಕಾಲು ಅಲ್ಲೇ ಉಳಿಯಿತು, ಮೈ ಆ ಕಡೆ ತಿರುಗಿತು.

"ಒಳಗೆ ಏನೋ ಪಟ್ ಅಂತು ಕಣಣ್ಣ," ಅಂದ.

ಆ ಸದ್ದು ಬಸ್ ಸ್ಟ್ಯಾಂಡಿನಲ್ಲಿದ್ದ ನನಗೇ ಕೇಳಿಸಿತ್ತು.

ನಾಟಿ ಪಟ್ಟು ಹಾಕುವ ಕಾಳಯ್ಯನನ್ನು ಕರೆಸಿದೆವು. ಸೊಪ್ಪು ಅರೆದು ಹಚ್ಚಿ, ಬಿದಿರು ದಬ್ಬೆ ಇಟ್ಟು ಕಟ್ಟಿದ. ಐದು ವಾರ ಕಳೆಯಿತು. ಬಾವು ಇಳಿಯಿತು, ನೋವೂ ಇಳಿಯಿತು. ಮಂಡಿ ಮಾತ್ರ ಮಾತು ಕೇಳುತ್ತಿರಲಿಲ್ಲ. ನೆಟ್ಟಗೆ ನಡೆದರೆ ನಡೆಯುತ್ತಿದ್ದ. ತಿರುಗಿದರೆ ಮಂಡಿ ಜಾರಿ ಮಗುಚಿಕೊಳ್ಳುತ್ತಿತ್ತು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಚೊಂಬು ಎತ್ತಿಕೊಳ್ಳಲು ತಿರುಗಿದವನು ದಬಕ್ಕನೆ ಬಿದ್ದ. ಕೆಳಗೆ ಕೂರಲಾರ, ಕೂತರೆ ಏಳಲಾರ. ಅಡಿಗೆಮನೆಯ ಬಾಗಿಲಿಗೆ ಸ್ಟೂಲು ಹಾಕಿಕೊಟ್ಟು, ಅದರ ಮೇಲೆಯೇ ತಟ್ಟೆ ಕೊಡುವುದು ಅಂತಾಯಿತು.

"ನಮ್ಮ ವಂಶದಲ್ಲಿ ಮೇಲೆ ಕೂತು ಮುದ್ದೆ ನುಂಗಿದೋನು ಇವನೇ ಮೊದಲು," ಅಂದಳು ಅವ್ವ. "ಸಾಹೇಬ ಆಗ್ಬುಟ್ಟ."

"ಸುಮ್ಕಿರವ್ವ," ಅಂದ ಮಹಾಲಿಂಗ.

"ಸುಮ್ಕೆ ಹೆಂಗಿರ್ಲಿ? ನಾಳೆ ನನ್ನ ಹೆಣಕ್ಕೆ ನಮಸ್ಕಾರ ಮಾಡ್ಬೇಕಾದ್ರೂ ಸ್ಟೂಲ್ ತಗೊಂಬತ್ತೀಯ?"

ಮಹಾಲಿಂಗ ತಟ್ಟೆ ಕೆಳಗಿಟ್ಟ. ಬಸ್ಸಾರು ಹಾಗೇ ಉಳಿಯಿತು. ದಾಕ್ಷಾಯಣಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವಳು ಮಾತಾಡಿದ್ದನ್ನು ಕೇಳಿದವರು ಕಡಿಮೆ. ನನ್ನ ಎದುರಿಗಂತೂ ಮದುವೆಯಾಗಿ ಎಂಟು ವರ್ಷದಲ್ಲಿ ತಲೆ ಎತ್ತಿದವಳಲ್ಲ.

ಆದರೆ ಮಾರನೇ ದಿನ ಬೆಳಿಗ್ಗೆ ಆರು ಗಂಟೆಗೆ ಗೋಣಿ ಮೆತ್ತೆ, ಕರಣೆ ಕಂಕುಳಲ್ಲಿ ಇಟ್ಟುಕೊಂಡು ನನ್ನ ಬಸ್ಸಿಗೇ ಬಂದಳು.

"ಎಲ್ಲಿಗಮ್ಮ?"

"ಗುಬ್ಬಿಗೆ, ಭಾವ. ವೆಂಕಟೇಶಯ್ಯನೋರ ಮನೆ ಅರ್ಧ ನಿಂತೈತೆ."

ಕೊಬ್ಬರಿ ವ್ಯಾಪಾರದ ವೆಂಕಟೇಶಯ್ಯನವರು ಗುಬ್ಬಿಯಲ್ಲಿ ಹೊಸಮನೆ ಕಟ್ಟಿಸುತ್ತಿದ್ದರು. ನೆಲ ಪೂರ್ತಿ ಮಹಾಲಿಂಗನೇ ಒಪ್ಪಿಕೊಂಡಿದ್ದ. ಎಂಟು ವರ್ಷ ಅವನ ಪಕ್ಕ ನಿಂತು ಗಾರೆ ಕಲಸಿಕೊಟ್ಟವಳು, ಎರಡು ಕೋಣೆಯನ್ನು ಹತ್ತು ದಿನದಲ್ಲಿ ತಾನೇ ಮಂಡಿಯೂರಿ ಹಾಕಿ ಬಂದಳು. ನಡುಮನೆಯನ್ನು ಮುಟ್ಟಲಿಲ್ಲ.

"ಅದು ಇಪ್ಪತ್ತಡಿ. ಒಂದೇ ಉಸಿರಲ್ಲಿ ಎಳೀಬೇಕು. ಅವರೇ ಬಂದು ಹಾಕ್ತಾರೆ ಅಂದಿವ್ನಿ," ಅಂತ ಉಮಾಮಹೇಶ್ವರಿಯ ಹತ್ತಿರ ಹೇಳಿದಳಂತೆ. ವೆಂಕಟೇಶಯ್ಯನವರು ಒಳ್ಳೆಯವರು, ದೀಪಾವಳಿಯವರೆಗೆ ಕಾಯುತ್ತೇನೆ ಅಂದಿದ್ದರು. ಅಲ್ಲಿಗೂ ಆಗದಿದ್ದರೆ ಬೆಂಗಳೂರಿನಿಂದ ಮೊಸಾಯಿಕ್ಕಿನವರನ್ನು ಕರೆಸುತ್ತಾರೆ. ಒಂದು ಸಲ ಹಾಗೆ ಕೈಬಿಟ್ಟರೆ ಗುಬ್ಬಿಯಲ್ಲಿ ಆಮೇಲೆ ಮಹಾಲಿಂಗನನ್ನು ಯಾರು ಕರೆಯುತ್ತಾರೆ? ನನ್ನ ತಮ್ಮನಿಗೆ ಬೇರೆ ವಿದ್ಯೆ ಗೊತ್ತಿಲ್ಲ. ನನ್ನ ಹಾಗೆ ಬಾಯಿಯೂ ಇಲ್ಲ. ಅವನಿಗೆ ಇರುವುದು ಎರಡು ಮಂಡಿ.

ಏಪ್ರಿಲ್ ಮೊದಲ ಗುರುವಾರ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬೆಂಗಳೂರಿನಿಂದ ವಾರಕ್ಕೊಂದು ಸಲ ಮೂಳೆ ಡಾಕ್ಟರು ಯೋಗನರಸಿಂಹ ಬರುತ್ತಿದ್ದರು. ದಾರಿಯಲ್ಲೇ ತಮ್ಮನಿಗೆ ಹೇಳಿದ್ದೆ: "ನೀನು ಬಾಯಿ ಬಿಡಬ್ಯಾಡ. ಕೂಲಿಯೋನು ಅಂದ್ರೆ ಈ ದೊಡ್ಡ ಡಾಕ್ಟ್ರುಗಳು ಮುಟ್ಟಿಯೂ ನೋಡಲ್ಲ. ನಾನು ನೋಡ್ಕೋತೀನಿ."

ಡಾಕ್ಟರು ಅವನನ್ನು ಮಲಗಿಸಿ, ಮಂಡಿ ಮಡಚಿಸಿ, ಮೇಜಿನ ಖಾನೆ ಎಳೆದ ಹಾಗೆ ಕಾಲನ್ನು ಮುಂದಕ್ಕೆ ಎಳೆದರು. ಖಾನೆಯ ಹಾಗೆಯೇ ಬಂತು.

"ಮಂಡಿಯೊಳಗಿನ ಕಟ್ಟು ಹರಿದಿದೆ," ಅಂದರು. "ಹೊಲಿದರೆ ನಿಲ್ಲಲ್ಲ. ಇವರ ಕಾಲಿನ ಸ್ನಾಯುವಿಂದಲೇ ಒಂದು ಹುರಿ ತೆಗೆದು ಅಲ್ಲಿಗೆ ಕಟ್ಟಬೇಕು. ಏನು ಕೆಲಸ ಮಾಡ್ತೀರಿ?"

ಮಹಾಲಿಂಗ ಬಾಯಿ ತೆರೆದ. ನಾನು ಅವನ ತೋಳು ಹಿಂಡಿದೆ.

"ಕಾಂಟ್ರಾಕ್ಟರು ಸಾರ್. ಕೈಕೆಳಗೆ ಮೂವತ್ತು ಜನ. ಕುರ್ಚಿ ಬಿಟ್ಟು ಇಳಿಯೋನಲ್ಲ."

"ಮತ್ತೆ ಮಂಡಿ ಮೇಲೆ ಇದೇನು, ಹಿಂಗೆ ಕಪ್ಪಗೆ ಗಟ್ಟಿಯಾಗಿದೆ?"

"ಹರಕೆ ಸಾರ್. ವರ್ಷಕ್ಕೊಂದು ಸಲ ಸಿದ್ಧರಬೆಟ್ಟ ಮಂಡೀಲೇ ಹತ್ತುತಾನೆ."

ಡಾಕ್ಟರು ನಕ್ಕರು. ನನಗೂ ಖುಷಿಯಾಯಿತು. ಆಮೇಲೆ ಅವರು ಚೀಟಿಯ ಮೇಲೆ ಒಂದು ಮಂಡಿ ಬರೆದು ತೋರಿಸಿದರು.

"ಹುರಿ ತೆಗೆಯೋಕೆ ಎರಡು ಜಾಗ ಇದೆ. ಮುಂದೆ, ಮಂಡಿಚಿಪ್ಪಿನ ಕೆಳಗಿರೋ ದಪ್ಪ ಪಟ್ಟಿಯಲ್ಲಿ ನಡುವಿನ ಪಾಲು. ಇಲ್ಲಾ ಅಂದ್ರೆ ತೊಡೆ ಹಿಂದಿನ ಸಣ್ಣ ಹುರಿ. ನೋಡಿ, ಮಂಡಿ ಕಟ್ಟೋದು ಅರ್ಧ ಕೆಲಸ. ತೆಗೆದ ಜಾಗ ಕೆಡದ ಹಾಗೆ ನೋಡ್ಕೊಳ್ಳೋದು ಇನ್ನರ್ಧ. ಅದಕ್ಕೇ ಕೆಲಸ ಏನು ಅಂತ ಕೇಳಿದ್ದು. ಕುರ್ಚಿ ಕೆಲಸ ಅಂದ್ರೆ ಮುಂದಿನಿಂದಲೇ ತೆಗೀತೀನಿ. ಅದು ಗಟ್ಟಿ, ಬೇಗ ಕೂಡ್ಕೊಳ್ಳುತ್ತೆ."

ಕುರ್ಚಿ ಕೆಲಸ ಅಲ್ಲದಿದ್ದರೆ ಏನು ಅಂತ ನಾನು ಕೇಳಲಿಲ್ಲ. ಅವರು ಕಾರ್ಡಿನ ಮೇಲೆ ಬರೆದುಕೊಂಡರು. ಮೂರು ವಾರ ಬಿಟ್ಟು ಗುರುವಾರ ಆಪರೇಷನ್.

"ಹೆದರಿಕೆ ಆದ್ರೆ ಕೊತ್ತಗೆರೆಗೆ ಹೋಗಿ ಬನ್ನಿ. ಅಲ್ಲೊಬ್ಬರು ಡ್ರಿಲ್ ಮೇಷ್ಟ್ರಿಗೆ ಹೋದ ವರ್ಷ ಇದೇ ಆಪರೇಷನ್ ಮಾಡಿದೀನಿ. ಮಾತಾಡಿ ನೋಡಿ," ಅಂದರು.

ಮನೆಯಲ್ಲಿ ಅವ್ವನಿಗೆ ಎಲ್ಲ ವಿವರಿಸಿದೆ. ಅವಳು ರಾಗಿಯಿಂದ ಕಲ್ಲು ಆರಿಸುತ್ತಿದ್ದಳು.

"ಅಂದ್ರೆ ಒಂದು ಗೋಡೆ ಕಿತ್ತು ಆ ಕಲ್ಲಲ್ಲಿ ಇನ್ನೊಂದು ಗೋಡೆ ಕಟ್ತಾರೆ ಅನ್ನು," ಅಂದಳು.

"ಹೂಂ ಅನ್ಕೋ."

"ಕಿತ್ತ ಗೋಡೆ ಗತಿ ಏನ್ಲಾ?"

"ಅದೆಲ್ಲ ನಿನಗ್ಯಾಕವ್ವ? ನಾನು ಡಾಕ್ಟ್ರ ಹತ್ರ ಮಾತಾಡಿವ್ನಿ."

"ಅದಕ್ಕೇ ಹೆದರಿಕೆ," ಅಂದಳು ಅವ್ವ.

ಮುಂದಿನ ಸೋಮವಾರ ಕುಣಿಗಲ್ ಬಸ್ಸು ಹತ್ತಿ ಕೊತ್ತಗೆರೆಗೆ ಹೋದೆ. ಮೇಷ್ಟ್ರ ಹೆಸರು ವೀರಭದ್ರಯ್ಯ. ನಾನು ಹೋದಾಗ ಹುಡುಗರ ಜೊತೆ ವಾಲಿಬಾಲ್ ಆಡುತ್ತಿದ್ದರು. ಎಗರಿದರೆ ತೆಂಗಿನಮರದ ಗರಿಗೆ ತಲೆ ತಾಗುತ್ತಿತ್ತು. ನನ್ನ ಎದೆ ಹಗುರಾಯಿತು. ಮನೆಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟರು. ಪಂಚೆ ಎತ್ತಿ ಗಾಯ ತೋರಿಸಿದರು. ಮಂಡಿಚಿಪ್ಪಿನ ಕೆಳಗೆ ನೇರವಾಗಿ ನಾಲ್ಕು ಬೆರಳುದ್ದದ ಗುರುತು.

"ಓಡ್ತೀನಿ, ಎಗರ್ತೀನಿ, ಸೈಕಲ್ ತುಳೀತೀನಿ," ಅಂದರು. "ಡಾಕ್ಟ್ರ ಕೈ ಚಿನ್ನ."

ಎಲೆಅಡಿಕೆ ತಟ್ಟೆ ಮುಂದಿಟ್ಟರು. ಒಂದು ಅಡಿಕೆ ಉರುಳಿ ಮಂಚದ ಕೆಳಗೆ ಹೋಯಿತು. ಮೇಷ್ಟ್ರು ಎದ್ದು, ಮೂಲೆಯಿಂದ ಒಂದು ಕೋಲು ತಂದು, ನಿಂತೇ ಬಗ್ಗಿ ಅಡಿಕೆಯನ್ನು ಈಚೆಗೆ ತಳ್ಳಿಕೊಂಡರು.

"ಕೂತು ತಗೋಬೌದಿತ್ತಲ್ಲ ಮೇಷ್ಟ್ರೇ?"

"ಮಂಡಿ ಊರೋಕಾಗಲ್ಲ ಸ್ವಾಮಿ. ಅದೊಂದೇ. ಊರಿದ್ರೆ ಮಂಡಿಗೆ ಮೊಳೆ ಹೊಡ್ದಂಗಾಗುತ್ತೆ. ಕೆಳಗೊಂದು ಅವರೆಕಾಳು ಸಿಕ್ಕಿದ್ರಂತೂ ಕಣ್ಣಲ್ಲಿ ನೀರು. ಲಿಂಗಪೂಜೆಯನ್ನೂ ಬೆಂಚಿನ ಮೇಲೆ ಕೂತು ಮಾಡ್ತೀನಿ."

"ವಾಸಿಯಾಗುತ್ತೆ ಬಿಡಿ."

"ವರ್ಷ ಆಯ್ತಲ್ಲ. ಎಲ್ಲರಿಗೂ ಹಿಂಗಾಗಲ್ವಂತೆ, ಬಾಳ ಜನಕ್ಕೆ ಆಗುತ್ತಂತೆ. ಡಾಕ್ಟ್ರು ಮೊದಲೇ ಕೇಳಿದ್ರು, ಮಂಡಿ ಊರೋ ಕೆಲಸ ಇದೆಯಾ, ಇದ್ರೆ ಹಿಂದಿನಿಂದ ತೆಗೀತೀನಿ ಅಂತ. ನನಗೇನ್ರಿ, ಪೀಪಿ ಊದೋ ಕೆಲಸ. ನಿಮ್ಮ ತಮ್ಮನೋರು ಏನು ಮಾಡ್ತಾರೆ?"

ಆ ಅಡಿಕೆಯನ್ನು ಎತ್ತಿಕೊಂಡು, ಪಿಸುಮಾತಿನಲ್ಲಿ ಉತ್ತರ ಕೊಟ್ಟೆ. ಗುಬ್ಬಿಗೆ ಕೇಳಿಸುವ ಗಂಟಲು ಅದು.

"ಕಾಂಟ್ರಾಕ್ಟರು," ಅಂದೆ.

"ಹಂಗಾದ್ರೆ ಯೋಚನೆ ಇಲ್ಲ ಬಿಡಿ," ಅಂದರು ಮೇಷ್ಟ್ರು.

ವಾಪಸು ಬರುವಾಗ ಬಸ್ಸಿನಲ್ಲಿ ಸೀಟಿತ್ತು. ಕೂರಲಾಗಲಿಲ್ಲ, ತುಮಕೂರಿನ ತನಕ ನಿಂತೇ ಬಂದೆ.

ಮನೆಗೆ ಬಂದರೆ ಎಲ್ಲರೂ ಕಾಯುತ್ತಿದ್ದರು. ಉಮಾಮಹೇಶ್ವರಿ ತಟ್ಟೆ ಹಾಕಿದಳು. ಅವ್ವ ಉಪ್ಸಾರು ಬಿಡುತ್ತ ಕೇಳಿದಳು, "ಏನ್ಲಾ, ಮೇಷ್ಟ್ರು ನಡೀತಾರಾ?"

"ನಡೆಯೋದಾ? ಕುದುರೆ ಥರ ಓಡ್ತಾರೆ. ನನ್ನ ಬಸ್ಸಿನ ಜೊತೆ ಕುಣಿಗಲ್ ತನಕ ಓಡಿ ಬಂದು ಟಾಟಾ ಮಾಡಿದ್ರು."

ಮಹಾಲಿಂಗ ಸ್ಟೂಲಿನ ಮೇಲಿಂದ ನಕ್ಕ. ಎರಡು ತಿಂಗಳ ಮೇಲೆ ಮೊದಲ ಸಲ ನಕ್ಕಿದ್ದು. ಆಗ ಬಾಗಿಲ ಮರೆಯಿಂದ ದಾಕ್ಷಾಯಣಿ ಕೇಳಿದಳು.

"ಮಂಡಿ ಊರ್ತಾರಾ, ಭಾವ?"

ಆ ಮನೆಯಲ್ಲಿ ಕೇಳಬೇಕಾಗಿದ್ದ ಮಾತು ಅದೊಂದೇ. ಅವಳು ಕೇಳಿಬಿಟ್ಟಿದ್ದಳು. ಎಲ್ಲರೂ ನನ್ನ ಕಡೆ ನೋಡಿದರು.

"ಊರ್ತಾರೆ," ಅಂದೆ. "ಮಂಡೀಲೇ ಕುಣೀತಾರೆ."

ಮುದ್ದೆ ಅರ್ಧಕ್ಕೇ ಬಿಟ್ಟೆ. ನನ್ನ ಹೆಂಡತಿ ನೋಡಿದಳು. "ಯಾಕ್ರೀ, ಎರಡು ಮುದ್ದೆ ಉಣ್ಣೋರು ಅರ್ಧ ಬಿಟ್ರಿ?"

"ಕೊತ್ತಗೆರೆಯಲ್ಲಿ ಹನ್ನೆರಡು ಹೋಳಿಗೆ ಹಾಕ್ಬುಟ್ರು ಕಣೇ."

ಆ ಎರಡು ವಾರ ನಾನು ಹೇಗಿದ್ದೆನೋ ನನಗೇ ಗೊತ್ತು. ಗುಬ್ಬಿ ಬಸ್ಸಿನ ಮುಂದೆ ನಿಂತು 'ಕೊತ್ತಗೆರೆ, ಕೊತ್ತಗೆರೆ' ಅಂತ ಕೂಗಿದೆ. ಡ್ರೈವರು ಇಳಿದು ಬಂದು ಬೈದ. ರಸ್ತೆಯಲ್ಲಿ ಯಾರು ಬಗ್ಗಿದರೂ ಅವರ ಮಂಡಿಯೇ ಕಣ್ಣಿಗೆ ಬೀಳುತ್ತಿತ್ತು. ನಡುವಿನ ಗುರುವಾರ ಆಸ್ಪತ್ರೆಗೂ ಹೋದೆ. ಸತ್ಯ ಹೇಳಿಬಿಡೋಣ ಅಂತಲೇ ಹೋದದ್ದು. ಬಾಗಿಲಲ್ಲಿ ಇಪ್ಪತ್ತು ಜನ. ಡಾಕ್ಟರು ನನ್ನನ್ನು ನೋಡಿ, "ಏನ್ರೀ, ಕಾಂಟ್ರಾಕ್ಟರ್ ಅಣ್ಣ, ಧೈರ್ಯ ಬಂತಾ?" ಅಂದರು. ಇಪ್ಪತ್ತು ಜನವೂ ತಿರುಗಿ ನನ್ನನ್ನು ನೋಡಿದರು. ಸುಳ್ಳು ಹೇಳಿದವರ ಮನೆಯ ಆಪರೇಷನ್ ಮಾಡಲ್ಲ, ಹೋಗಿ ಅಂದುಬಿಟ್ಟರೆ? ಈ ಡಾಕ್ಟರು ಬಿಟ್ಟರೆ ಮತ್ಯಾರಿದ್ದಾರೆ? "ಬಂತು ಸಾರ್" ಅಂದು ಹಿಂದಕ್ಕೆ ಬಂದೆ.

ಕಡೆಗೊಂದು ಭಾನುವಾರ, ಊಟದ ಹೊತ್ತಿಗೆ, ಬಾಯಿಗೆ ಬಂದದ್ದು ಆಡಿದೆ.

"ಆಪರೇಷನ್ ಬ್ಯಾಡ ಕಣೋ ಮಹಾಲಿಂಗ. ಇನ್ನೊಂದ್ಸಲ ಕಾಳಯ್ಯನ್ನೇ ಕರೆಸಾನ."

ಅವನು ಸ್ಟೂಲಿನಿಂದ ಎದ್ದ. ಎದ್ದ ರಭಸಕ್ಕೆ ಮಂಡಿ ಜಾರಿತು. ಗೋಡೆ ಹಿಡಿದುಕೊಂಡ.

"ಯಾಕೆ? ಸಾಯೋಗಂಟ ಸ್ಟೂಲ್ ಮೇಲೆ ಕೂತಿರ್ಲಾ? ನನ್ನ ಹೆಂಡ್ತಿ ಮಂಡಿ ಸವೆಸಿ ತಂದಾಕೋದನ್ನ ಉಂಡ್ಕೊಂಡು?"

"ಹಂಗಲ್ಲ ಕಣೋ..."

"ಮತ್ತೆ ಹೆಂಗೆ? ನೀನೇ ಅಲ್ವಾ ಕುದುರೆ ಥರ ಓಡ್ತಾರೆ ಅಂದಿದ್ದು?"

"ಅವನು ಹೇಳಿದ ಕುದುರೆಗಳನ್ನೆಲ್ಲ ಕಟ್ಟೋಕೆ ಲಾಯ ಎಲ್ಲೈತಪ್ಪ," ಅಂದಳು ಅವ್ವ. ಆಮೇಲೆ ನನ್ನ ಮುಖವನ್ನೇ ದಿಟ್ಟಿಸಿದಳು. "ಏನ್ಲಾ ಅಡವಿ, ಏನೋ ಮುಚ್ಚಿಡ್ತಾ ಇದೀಯ."

"ಏನೂ ಇಲ್ಲವ್ವ."

"ನೀನು ಏನೂ ಇಲ್ಲ ಅಂದಿದ್ದು ಇದೇ ಮೊದಲು ಕಣಪ್ಪ. ಅದಕ್ಕೇ ಕೇಳ್ದೆ."

ನಾನು ಕೈ ತೊಳೆದು ಎದ್ದುಹೋದೆ. ದಾಕ್ಷಾಯಣಿ ಒಲೆಯ ಮುಂದೆ ಕೂತು, ಎರಡು ಕೋಣೆ ಉಜ್ಜಿ ಕಂದಿದ್ದ ತನ್ನ ಮಂಡಿಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಸೀರೆ ಎಳೆದುಕೊಂಡಳು.

ಈಗ ಆ ಗುರುವಾರದ ಕಥೆ.

ಬೆಳಿಗ್ಗೆ ಏಳು ಗಂಟೆ. ಮಹಾಲಿಂಗನನ್ನು ಹಿಂದಿನ ದಿನವೇ ಸೇರಿಸಿದ್ದೆವು. ಡಾಕ್ಟರು ಬಂದು ಅವನ ಬಲ ಮಂಡಿಯ ಮೇಲೆ ನೀಲಿ ಇಂಕಿನಲ್ಲಿ ಒಂದು ಗೆರೆ ಎಳೆದರು. ಕಪ್ಪು ಗಟ್ಟಿಯ ನಟ್ಟನಡುವೆ, ಉದ್ದಕ್ಕೆ. ಅವ್ವ ದೇವರ ಹೆಸರು ಹೇಳುತ್ತಿದ್ದಳು. ದಾಕ್ಷಾಯಣಿ ಮೂಲೆಯಲ್ಲಿ ಅಳುತ್ತ ನಿಂತಿದ್ದಳು. ಅಷ್ಟರಲ್ಲಿ ನಾನು ಬಸ್ ಸ್ಟ್ಯಾಂಡಿನಿಂದ ಓಡಿಬಂದೆ. ಗೇಟಿನಲ್ಲಿ ಬಿಡಲಿಲ್ಲ, ಕಾಂಪೌಂಡ್ ಹಾರಿದೆ. ಏಳು ಬಾಗಿಲು. ಏಳನ್ನೂ ಒದ್ದೆ. "ನಿಲ್ಸಿ ಸಾರ್!" ಅಂತ ಕೂಗಿದ್ದಕ್ಕೆ ಔಷಧಿ ಬೀರುವಿನ ಗಾಜು ಬಿರುಕುಬಿಟ್ಟಿತು. ಗೋಣಿ ಮೆತ್ತೆಯನ್ನು ಕಾರಿಡಾರಿನಲ್ಲಿ ಹಾಸಿದೆ, ಮಂಡಿ ಊರಿದೆ, ಕೈಯಲ್ಲಿ ಕರಣೆ ಹಿಡಿದ ಹಾಗೆ ಮಾಡಿ ಹಿಂದಕ್ಕೆ ಹಿಂದಕ್ಕೆ ಸರಿದು ತೋರಿಸಿದೆ.

"ಇದು ಸಾರ್ ನನ್ನ ತಮ್ಮನ ಕೆಲಸ. ಬೆಳಗ್ಗೆಯಿಂದ ಸಂಜೆವರೆಗೆ. ನೀವು ಗೆರೆ ಎಳೆದಿರೋದು ಅವನ ಅನ್ನದ ಮೇಲೆ."

ಡಾಕ್ಟರು ಬೆಪ್ಪಾದರು. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ತಾವೇ ಆ ನೀಲಿ ಗೆರೆ ಒರೆಸಿದರು. ಕಪ್ಪು ಗಟ್ಟಿಯ ಮೇಲಿನ ಇಂಕು ಬೇಗ ಹೋಗಲಿಲ್ಲ, ಮೂರು ಸಲ ಒರೆಸಬೇಕಾಯಿತು. ಆಮೇಲೆ ಮಂಡಿಯ ಕೆಳಗೆ, ಒಳಮಗ್ಗುಲಿಗೆ, ಎರಡು ಬೆರಳಗಲದ ಒಂದು ಓರೆ ಗೆರೆ ಎಳೆದರು.

"ಇಲ್ಲಿಂದ ತೆಗೀತೀನಿ," ಅಂದರು. "ತೊಡೆ ಹಿಂದಿನಿಂದ ಬರೋ ಎರಡು ಸಣ್ಣ ಹುರಿ ಇಲ್ಲಿ ಅಕ್ಕಪಕ್ಕ ಕೂತಿರ್ತವೆ. ಒಂದನ್ನ ತಗೋತೀನಿ, ಜೊತೆಯದನ್ನ ಮುಟ್ಟಲ್ಲ. ಹಿಂದಕ್ಕೆ ಸರಿಯೋಕೆ ಇವರಿಗೆ ಅದು ಬೇಕಾಗುತ್ತೆ. ತುದಿಯಲ್ಲಿ ಉಂಗುರ ಇರೋ ಒಂದು ಸಲಾಕೆ ಇದೆ, ಹುರೀನ ಅದರೊಳಗೆ ತೂರಿಸಿ ಬಿಡಿಸ್ಕೊಂಡ್ರೆ ತೊಡೆಯುದ್ದ ಸೀಳೋದು ಬೇಡ. ಗೆರೆ ಓರೆ ಯಾಕೆ ಅಂದ್ರೆ, ಚರ್ಮದ ಕೆಳಗೆ ಸಣ್ಣ ನರ ಹೋಗುತ್ತೆ. ಅದು ಕುಯ್ದುಹೋದ್ರೆ ಕಾಲಿನ ಮುಂಭಾಗ ಜೋಮು ಹಿಡಿಯುತ್ತೆ. ಮಂಡಿ ತೆರೆಯೋ ಗಾಯಾನೂ ಪಕ್ಕಕ್ಕೆ ತಗೋತೀನಿ, ಊರೋ ಜಾಗಕ್ಕೆ ಬರದ ಹಾಗೆ."

"ಹಂಗೇ ಮಾಡಿ," ಅಂದೆ ನಾನು.

ಎರಡೂವರೆ ಗಂಟೆ ಒಳಗಿದ್ದರು. ಆಮೇಲೆ ಸ್ಟೆತಸ್ಕೋಪಿನ ವಿಚಾರ ಆಗಲೇ ಹೇಳಿದೆ.

ಹೆದರಿಕೆ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಗುರುವಾರದ ಹೊತ್ತಿಗೆ ತೊಡೆಯ ಹಿಂಭಾಗವೆಲ್ಲ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಮೀನಖಂಡದವರೆಗೂ ಇಳಿಯಿತು. ಅವ್ವ ನೋಡಿ, "ನಾನು ಹೇಳಲಿಲ್ವಾ, ಕಿತ್ತ ಗೋಡೆ ಬಿತ್ತು" ಅಂತ ಎದೆ ಹೊಡೆದುಕೊಂಡಳು. ಹುರಿ ತೆಗೆದ ಜಾಗದಲ್ಲಿ ಒಳಗೆ ಕಟ್ಟಿದ ರಕ್ತ ಇಳಿಯುತ್ತಿದೆ, ತಾನೇ ಹೋಗುತ್ತೆ ಅಂದರು ಡಾಕ್ಟರು. ಹದಿನೈದು ದಿನದಲ್ಲಿ ಹೋಯಿತು. ಕವುಚಿ ಮಲಗಿ ಹಿಮ್ಮಡಿಯನ್ನು ಕುಂಡಿಯ ಕಡೆಗೆ ಎಳೆದುಕೋ ಅಂದರೆ ಮೊದಲ ತಿಂಗಳು ಆ ಕಾಲು ಅರ್ಧಕ್ಕೆ ನಡುಗಿ ನಿಲ್ಲುತ್ತಿತ್ತು. ದಿನಕ್ಕೆ ಮೂರು ಹೊತ್ತು ಅದೇ ಕೆಲಸ. ದಾಕ್ಷಾಯಣಿ ಪಕ್ಕದಲ್ಲಿ ಕೂತು ಎಣಿಸುತ್ತಿದ್ದಳು. ಆಮೇಲೆ ಪಾದಕ್ಕೆ ಮರಳಿನ ಚೀಲ ಕಟ್ಟಿ ಎಣಿಸಿದಳು. ಶ್ರಾವಣದಲ್ಲಿ ಒಂದು ದಿನ ನಾನು ಡ್ಯೂಟಿ ಮುಗಿಸಿ ಬಂದರೆ ಸ್ಟೂಲು ಬಚ್ಚಲಿಗೆ ಹೋಗಿತ್ತು. ಮಹಾಲಿಂಗ ಕೆಳಗೆ ಕೂತು ಉಣ್ಣುತ್ತಿದ್ದ. ಅವ್ವ ಅವನಿಗೆ ಒಂದು ಮುದ್ದೆ ಜಾಸ್ತಿ ಹಾಕಿದಳು.

ದೀಪಾವಳಿಗೆ ಒಂದು ವಾರ ಇರುವಾಗ, ದಪ್ಪ ಮೆತ್ತೆ ಹಾಕಿಕೊಂಡು ಮಂಡಿ ಊರಬಹುದು ಅಂದರು ಡಾಕ್ಟರು. ದಾಕ್ಷಾಯಣಿ ಎಂಟು ಮಡಿಕೆಯ ಹೊಸ ಮೆತ್ತೆ ಹೊಲಿದಳು. ಮೂವರೂ ಗುಬ್ಬಿಗೆ ಹೋದೆವು.

ವೆಂಕಟೇಶಯ್ಯನವರ ನಡುಮನೆಯಲ್ಲಿ ಮೊದಲ ಗಾರೆ ಸುರಿದಾಯಿತು. ಮಹಾಲಿಂಗ ಆ ತುದಿಯ ಗೋಡೆಯ ಹತ್ತಿರ ಮೆತ್ತೆ ಹಾಸಿದ. ಬಲ ಮಂಡಿ ಊರುವ ಮುಂಚೆ ಒಂದು ಗಳಿಗೆ ಹಾಗೇ ನಿಂತ. ಊರಿದ. ಮುಖ ಸ್ವಲ್ಪ ಬಿಗಿಯಿತು, ಆಮೇಲೆ ಸಡಿಲಿತು. ಕರಣೆ ಎಳೆದ. ಆ ಸರ್‍ರನೆಯ ಸದ್ದು ಎಂಟು ತಿಂಗಳ ಮೇಲೆ ಕೇಳಿದ್ದು.

ನಾನು ಜಗುಲಿಯ ಮೇಲೆ ಕೂತೆ. ವೆಂಕಟೇಶಯ್ಯನವರು, ಅವರ ಮನೆಯವರು ಕೌಸಲ್ಯಮ್ಮ, ಅಕ್ಕಪಕ್ಕದ ನಾಲ್ಕು ಜನ ಸೇರಿದ್ದರು. ಕಾಫಿ ಬಂತು. ಕಥೆ ಶುರುಮಾಡಿದೆ. ಇಷ್ಟು ಹೊತ್ತು ನಿಮಗೆ ಹೇಳಿದೆನಲ್ಲ, ಅದೇ. ಕಾಂಪೌಂಡ್ ಹಾರಿದ್ದು, ಏಳು ಬಾಗಿಲು ಒದ್ದಿದ್ದು. ಕೌಸಲ್ಯಮ್ಮನವರು ಬಾಯಿ ಮೇಲೆ ಕೈ ಇಟ್ಟುಕೊಂಡರು.

"ಆಗ ನಾನು ಮೆತ್ತೆ ಹಾಸಿ ಮಂಡಿ ಊರಿ..." ಅಂತಿದ್ದೆ.

ಒಳಗೆ ಕರಣೆಯ ಸದ್ದು ನಿಂತಿತು.

ನಿಲ್ಲಬಾರದು. ಅರ್ಧ ನೆಲದಲ್ಲಿ ಅದು ನಿಲ್ಲಲೇಬಾರದು. ಗಾರೆ ಕಲಸುತ್ತಿದ್ದ ದಾಕ್ಷಾಯಣಿ ತಲೆ ಎತ್ತಿದಳು. ನಾನು ತಿರುಗಿ ನೋಡಿದೆ. ಮಹಾಲಿಂಗ ಮಂಡಿಯೂರಿದ ಹಾಗೆಯೇ ನನ್ನ ಕಡೆ ನೋಡುತ್ತಿದ್ದ.

"ಅಣ್ಣ," ಅಂದ. ದನಿ ಎತ್ತರಿಸಲಿಲ್ಲ. "ಆವತ್ತು ನೀನು ಚೇಳೂರಲ್ಲಿದ್ದೆ."

ಅಷ್ಟೇ. ಮತ್ತೆ ಕರಣೆ ಎಳೆದ.

ಜಗುಲಿಯ ಮೇಲೆ ಯಾರೂ ನಗಲಿಲ್ಲ. ವೆಂಕಟೇಶಯ್ಯನವರು ಲೋಟದೊಳಗೆ ನೋಡಿಕೊಂಡರು. ಅವರಿಗೆ ಅಂದು ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ಆ ಗುರುವಾರ ಬೆಳಗಿನ ಐದೂವರೆಯ ಬಸ್ಸಿಗೆ ಜನ ಹತ್ತಿಸಿ, ನಾನೂ ಹತ್ತಿಬಿಟ್ಟೆ. ಹೆದರಿದ್ದೆ. ಚೇಳೂರಿನ ಬಸ್ ಸ್ಟ್ಯಾಂಡಿನ ಕಂಬದ ಹಿಂದೆ ಮಧ್ಯಾಹ್ನದವರೆಗೆ ಕೂತಿದ್ದೆ. ನಾಲ್ಕು ಸಲ ಟೀ ತರಿಸಿದೆ, ಒಂದನ್ನೂ ಕುಡಿಯಲಿಲ್ಲ. ತುಮಕೂರಿನಿಂದ ಬಸ್ಸು ಬಂದಾಗಲೆಲ್ಲ, ಯಾರಾದರೂ ಇಳಿದು ಸುದ್ದಿ ಹೇಳಿಬಿಡುತ್ತಾರೆಂದು ಟವೆಲ್ಲಿನಿಂದ ಮುಖ ಮುಚ್ಚಿಕೊಂಡೆ. ಸ್ಟೆತಸ್ಕೋಪನ್ನು ಇಂದಿಗೂ ಮುಟ್ಟಿಲ್ಲ.

ಆಸ್ಪತ್ರೆಯಲ್ಲಿ ನಡೆದದ್ದನ್ನು ಅವ್ವ ಆಮೇಲೆ ನನ್ನ ಹೆಂಡತಿಗೆ ಹೇಳಿದಳು, ಅವಳು ನನಗೆ. ನೀಲಿ ಗೆರೆ ನೋಡಿದ್ದು ದಾಕ್ಷಾಯಣಿ. "ಇಲ್ಲಿ ಕುಯ್ದ್ರೆ ಮಂಡಿ ಊರೋಕಾಗುತ್ತಾ ಸಾರ್?" ಅಂತ ಕೇಳಿದ್ದು ಅವಳು. "ಇವರು ಯಾಕಮ್ಮ ಊರಬೇಕು, ಕಾಂಟ್ರಾಕ್ಟರ್ ಅಲ್ವಾ?" ಅಂದರಂತೆ ಡಾಕ್ಟರು. ಕೂರುವುದಕ್ಕಿರಲಿ ಅಂತ ತಂದಿದ್ದ ಮೆತ್ತೆಯನ್ನು ಹಾಸಿ, ಅಷ್ಟು ಜನರ ಮುಂದೆ, ಸೆರಗು ಸಿಕ್ಕಿಸಿಕೊಂಡು, ಮಂಡಿಯೂರಿ ಹಿಂದಕ್ಕೆ ಸರಿದು ತೋರಿಸಿದವಳು ಅವಳು. ಅನ್ನದ ಮಾತೂ ಅವಳದೇ. ನಾನು ಕದ್ದದ್ದು.

"ಮತ್ತೆ ಕಾಂಟ್ರಾಕ್ಟರ್ ಅಂತ ಹೇಳಿದ್ದು ಯಾರಮ್ಮ?" ಅಂತ ಡಾಕ್ಟರು ಸಿಟ್ಟಾಗಿ ಕೇಳಿದರಂತೆ.

"ಬರ್ಕೊಳ್ಳೋವಾಗ ಏನೋ ಹೆಚ್ಚುಕಮ್ಮಿ ಆಗಿರ್ಬೇಕು ಸಾರ್," ಅಂದಳಂತೆ.

ಆರು ತಿಂಗಳು ಒಂದೇ ಒಲೆಯ ಅನ್ನ ಉಂಡೆವು. ಮನೆಯಲ್ಲಿ ಎಲ್ಲರಿಗೂ ನಿಜ ಗೊತ್ತಿತ್ತು. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ.

ಮಹಾಲಿಂಗ ಸಂಜೆ ಬಾಗಿಲ ಹತ್ತಿರವೇ ಎದ್ದ. ಯಾರ ಕೈಯನ್ನೂ ಹಿಡಿಯದೆ ಎದ್ದ. ನೆಲ ಒಣಗಿದ ಮೇಲೆ ಹೋಗಿ ನೋಡಿದೆ. ಕನ್ನಡಿ. ನಟ್ಟನಡುವೆ ಮಾತ್ರ, ಅವನು ಕೈ ನಿಲ್ಲಿಸಿದ ಜಾಗದಲ್ಲಿ, ಗೋಡೆಯಿಂದ ಗೋಡೆಗೆ ಕೂದಲೆಳೆಯಷ್ಟು ಸಣ್ಣ ಗೆರೆ. ಗುಬ್ಬಿಗೆ ಹೋದರೆ ಈಗಲೂ ನೋಡಬಹುದು. ಬಡಾಯಿ ಅಲ್ಲ, ಆ ಮನೆಯಲ್ಲಿ ನಾನು ಮಾಡಿದ ಕೆಲಸ ಅದೊಂದೇ. ಮೀಸೆಯನ್ನು ಅವತ್ತೇ ಬೋಳಿಸಿಕೊಂಡೆ.